ವಾಪಸ್ ಹಾಕಿದ ನಾಲ್ಕು ಕಾಳು

“ಅಕ್ಕೋರೆ, ಇದು ನಿಮ್ದಲ್ಲ.”

ಗಿರಣಿಯ ಗಫಾರ್ ಸಾಬರು ಡಬ್ಬಿಯ ಮುಚ್ಚಳ ತೆಗೆದು ಹೀಗೆಂದಾಗ ನನಗೆ ಸಿಟ್ಟೇ ಬಂತು. ನನ್ನದಲ್ಲದೆ ಇನ್ಯಾರದು? ಮದುವೆಯಲ್ಲಿ ಉಡುಗೊರೆ ಬಂದ ಡಬ್ಬಿ. ಮುಚ್ಚಳದ ಮೇಲೆ ನನ್ನ ಹೆಸರೇ ಕೆತ್ತಿದೆ. (ಸ್ಪೆಲ್ಲಿಂಗ್ ತಪ್ಪಿದೆ, ಅದು ಬೇರೆ ಮಾತು.)

“ಡಬ್ಬಿ ಅಲ್ಲ ಅಕ್ಕೋರೆ, ಒಳಗಿಂದು. ಇದು ಭಾಗೀರಥಕ್ಕನ ಕಷಾಯದ ಸಾಮಾನು. ಯಾರು ಹುರಿದು ಕೊಟ್ರು?”

“ಯಾವ ಭಾಗೀರಥಕ್ಕ? ಇವತ್ತು ಬೆಳಿಗ್ಗೆ ನಾನೇ ಹುರಿದದ್ದು!”

ಸಾಬರು ಇನ್ನೊಮ್ಮೆ ಡಬ್ಬಿಗೆ ಮೂಗು ಒಡ್ಡಿದರು. ಕಣ್ಣು ಮುಚ್ಚಿಕೊಂಡರು. “ನಿಮ್ಮ ಮನೆ ಓನರ್ ಹೆಗಡೇರು ಇದಾರಲ್ಲ, ಅವ್ರ ಮನೆಯವ್ರು. ಹೋಗಿ ಎರಡು ವರ್ಷ ಆಯ್ತು.”

ಎಲ್ಲಿಗೆ ಹೋಗಿ ಎಂದು ಕೇಳುವಷ್ಟು ಪೆದ್ದಿ ನಾನಲ್ಲ.

ಶಿರಸಿಯಲ್ಲಿ ಈ ಸಾಬರ ಮೂಗಿನ ಬಗ್ಗೆ ಕತೆಗಳೇ ಇವೆ. ಚಳಿ ಶುರುವಾಯಿತೆಂದರೆ ಮನೆಮನೆಯಿಂದ ಕಷಾಯದ ಸಾಮಾನು ಹುರಿದುಕೊಂಡು ಅವರ ಗಿರಣಿಗೆ ಬರುತ್ತಾರೆ. ಡಬ್ಬಿ ಅದಲುಬದಲಾದರೆ ಚಿಂತೆಯಿಲ್ಲ. ಸಾಬರು ಮೂಸಿ ನೋಡಿ, ಇವರ ಮನೆಯಲ್ಲಿ ಮೆಂತ್ಯ ಜಾಸ್ತಿ, ಅವರ ಮನೆಯಲ್ಲಿ ಜೀರಿಗೆ ಕರಕಲು ಎಂದು ಸರಿಯಾದ ಕೈಗೇ ಕೊಡುತ್ತಾರೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ತಪ್ಪಿಲ್ಲವಂತೆ.

ಸರಿ, ಮೊದಲ ಸಲ ತಪ್ಪಿದೆ ಅಂದುಕೊಂಡೆ. ಮನುಷ್ಯರಿಗೆ ವಯಸ್ಸಾಗುವ ಹಾಗೆ ಮೂಗಿಗೂ ಆಗುವುದಿಲ್ಲವೇ? ಆದರೆ ಸದಾ ನಮ್ಮ ಶಾಲೆಯಲ್ಲಿ ಓದುವ ತಮ್ಮ ಮಗನ ಮಾರ್ಕ್ಸಿನ ಬಗ್ಗೆ ತಲೆ ತಿನ್ನುವ ಸಾಬರು ಅಂದು ಒಂದು ಮಾತೂ ಆಡದೆ ಪುಡಿ ಮಾಡಿದರು. ಡಬ್ಬಿ ಕೊಡುವಾಗ “ಹುಷಾರು ಅಕ್ಕೋರೆ” ಎಂದರು. ಯಾತಕ್ಕೆ ಹುಷಾರು ಎಂದು ಕೇಳುವಷ್ಟರಲ್ಲಿ ಮುಂದಿನವರ ಡಬ್ಬಿಗೆ ಕೈ ಹಾಕಿದ್ದರು.

ಎರಡು ವಾರದ ಹಿಂದಿನ ಭಾನುವಾರದ ಮಾತು ಇದು.

ನನ್ನ ಅಡುಗೆಯ ವಿಷಯ ನಿಮಗೆ ಗೊತ್ತೇ ಇದೆ. ಹಿಂದೊಮ್ಮೆ ಇದೇ ಪತ್ರಿಕೆಯಲ್ಲಿ ಬರೆದಾಗ, “ನಿಮ್ಮ ಯಜಮಾನರ ವಿಳಾಸ ಕೊಡಿ, ಸಾಂತ್ವನ ಹೇಳಬೇಕು” ಎಂದು ಓದುಗರೊಬ್ಬರು ಕಾರ್ಡು ಹಾಕಿದ್ದರು. ನಾನು ರಾಣೇಬೆನ್ನೂರು ಕಡೆಯವಳು. ನಮ್ಮಲ್ಲಿ ಚಳಿಗೆ ಚಹಾ, ಮಳೆಗೆ ಚಹಾ, ಬಿಸಿಲಿಗೂ ಚಹಾ. ಜೂನಿನಲ್ಲಿ ಟ್ರಾನ್ಸ್‌ಫರ್ ಆಗಿ, ಯಜಮಾನರನ್ನು ಅಲ್ಲೇ ಬಿಟ್ಟು ಒಬ್ಬಳೇ ಶಿರಸಿಗೆ ಬಂದೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಕೆಲಸ. ಡಿಸೆಂಬರಿನ ಚಳಿಗೆ ಗಂಟಲು ಪೂರ್ತಿ ಕಟ್ಟಿತು. ದನಿಯಿಲ್ಲದ ಮೇಡಂಗೆ ಒಂಬತ್ತನೇ ಕ್ಲಾಸಿನವರು ಯಾವ ಮರ್ಯಾದೆ ಕೊಡುತ್ತಾರೆ ನೀವೇ ಹೇಳಿ! ಡಾಕ್ಟರ ಮಾತ್ರೆ ಮುಗಿಯಿತು, ಕೆಮ್ಮು ಮುಗಿಯಲಿಲ್ಲ.

“ಕಷಾಯ ಕುಡೀರಿ, ಮೂರೇ ದಿನ” ಎಂದು ಸ್ಟಾಫ್‌ರೂಮಿನಲ್ಲಿ ನಾಗವೇಣಿ ಟೀಚರ್ ಚೀಟಿ ಬರೆದುಕೊಟ್ಟರು. ಅವರು ಯಲ್ಲಾಪುರದವರು. ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಮೆಂತ್ಯ. ಜೊತೆಗೆ ಒಣಶುಂಠಿ ಒಂದು ತುಂಡು, ಜಾಯಿಕಾಯಿ ಒಂದು.

“ಕೊತ್ತಂಬರಿ ಎಷ್ಟು?”

“ಎಷ್ಟು ಅಂದ್ರೆ ಎಂತ ಹೇಳದು? ಅಂದಾಜಿ ಮೇಲೆ ಹಾಕದು ಅಷ್ಟೇಯ.”

ಈ ಅಂದಾಜು ಎಂಬುದನ್ನು ಕಂಡರೆ ನನಗಾಗುವುದಿಲ್ಲ. ಬಸ್ಸು ಅಂದಾಜು ಎಂಟಕ್ಕೆ ಬರುತ್ತದೆ. ಪ್ಲಂಬರ್ ಅಂದಾಜು ನಾಳೆ ಬರುತ್ತಾನೆ. ಮಕ್ಕಳು ಪ್ರಯೋಗದಲ್ಲಿ ಆಸಿಡ್ಡನ್ನೂ ಅಂದಾಜಿಗೇ ಸುರಿಯುತ್ತಾರೆ! ಇನ್ನು ಈ ಅಂದಾಜು ನನ್ನ ಗಂಟಲಿಗೂ ಇಳಿಯಬೇಕೆ?

ಆಗ ಕಣ್ಣಿಗೆ ಬಿದ್ದದ್ದು ಕರಟಗಳು. ನಾನು ಬಾಡಿಗೆಗಿರುವುದು ಹೆಗಡೆಯವರ ಮನೆಯ ಹಿಂಭಾಗ. ಅವರು ಮುಂಭಾಗದಲ್ಲಿರುತ್ತಾರೆ. ಊಟ ಖಾನಾವಳಿಯಲ್ಲಿ, ಹಾಗಾಗಿ ಮನೆಯ ಹಳೇ ಅಡುಗೆಮನೆ ನನ್ನ ಪಾಲಿಗೆ ಬಂದಿದೆ. ಅಲ್ಲಿ ಬಾಗಿಲ ಹಿಂದಿನ ಮೊಳೆಯಲ್ಲಿ ಮೂರು ತೆಂಗಿನ ಕರಟ ನೇತಾಡುತ್ತಿದ್ದವು. ದೊಡ್ಡದು, ನಡುವಿನದು, ಸಣ್ಣದು. ಕನ್ನಡಿಯಂತೆ ನುಣುಪು, ಅಂಚು ಸಮ. ನೋಡಿದರೇ ಅಳತೆಗೆ ಮಾಡಿದ್ದು ಎಂದು ಗೊತ್ತಾಗುತ್ತದೆ. ದೊಡ್ಡದರಲ್ಲಿ ಕೊತ್ತಂಬರಿ, ನಡುವಿನದರಲ್ಲಿ ಜೀರಿಗೆ, ಸಣ್ಣದರಲ್ಲಿ ಮೆಂತ್ಯ ಅಳೆದೆ.

ಕಾಳುಮೆಣಸಿಗೆ ಕರಟ ಉಳಿಯಲಿಲ್ಲ. ಹಾಳಾಗಿ ಹೋಗಲಿ ಎಂದು ಅಂಗೈಗೆ ಬಂದಷ್ಟು ಸುರಿದುಕೊಂಡೆ. ಬಾಣಲೆಗೆ ಹಾಕುವ ಮೊದಲು ನಾಲ್ಕು ಕಾಳು ತೆಗೆದು ವಾಪಸ್ ಡಬ್ಬಿಗೆ ಹಾಕಿದೆ. ಯಾಕೆ ಹಾಕಿದೆ? ಗೊತ್ತಿಲ್ಲ. ಆಗ ಅದು ಕೇಳಿಕೊಳ್ಳಬೇಕಾದ ಪ್ರಶ್ನೆ ಅಂತಲೂ ಅನ್ನಿಸಲಿಲ್ಲ.

ಸೋಮವಾರ ಬೆಳಿಗ್ಗೆ ಏಳಕ್ಕೆ ನೀರು ಕುದಿಯಲಿಟ್ಟು ಎರಡು ಚಮಚ ಪುಡಿ, ಒಂದು ತುಂಡು ಬೆಲ್ಲ ಹಾಕಿದೆ. ಮೇಲೆ ಒಂದಿಷ್ಟು ಹಾಲು. ಘಮ ಎದ್ದು ಮನೆ ತುಂಬಿತು. ಅಬ್ಬಾ, ಇದು ನನ್ನ ಕೈಯದೇ ಎಂದು ನನಗೇ ಹೆಮ್ಮೆ.

ತಿರುಗಿ ನೋಡಿದರೆ ಹಿತ್ತಿಲ ಬಾಗಿಲಲ್ಲಿ ಹೆಗಡೆಯವರು ನಿಂತಿದ್ದಾರೆ.

ಆರು ತಿಂಗಳಲ್ಲಿ ಆ ಮನುಷ್ಯ ಹಿತ್ತಿಲ ಕಡೆ ಬಂದವರಲ್ಲ. ಬಸ್ ಸ್ಟ್ಯಾಂಡ್ ಹತ್ತಿರ ಗಡಿಯಾರ ರಿಪೇರಿ ಅಂಗಡಿ ಅವರದು. ಐವತ್ತೈದರ ಗಟ್ಟಿ ಆಳು, ಅಳೆದು ತೂಗಿ ಮಾತಾಡುವವರು. ಈಗ ನನ್ನನ್ನು ನೋಡುತ್ತಿರಲಿಲ್ಲ. ಒಲೆ ನೋಡುತ್ತಿದ್ದರು.

“ಬರ್ರಿ ಹೆಗಡೇರೆ, ಕಷಾಯ ಕುಡೀರಿ” ಎಂದೆ. ಅವರು ಒಳಗೆ ಬರಲಿಲ್ಲ. ಹಿತ್ತಿಲ ಮೆಟ್ಟಿಲ ಮೇಲೆ ಕುಳಿತರು. ಲೋಟ ಕೊಟ್ಟೆ, ಪಕ್ಕಕ್ಕಿಟ್ಟುಕೊಂಡರು. ಹತ್ತು ನಿಮಿಷ ಅದನ್ನೇ ನೋಡುತ್ತ ಕುಳಿತು ಎದ್ದು ಹೋದರು. ಲೋಟ ತುಂಬಿದಂತೆಯೇ ಇತ್ತು. ತಣ್ಣಗಾಗಿ ಮೇಲೆ ಕೆನೆ ಕಟ್ಟಿತ್ತು.

ಮಂಗಳವಾರವೂ ಹಾಗೆಯೇ. ಬುಧವಾರವೂ. ನಾನು ಕರೆಯದಿದ್ದರೂ ಘಮ ಏಳುವ ಹೊತ್ತಿಗೆ ಮೆಟ್ಟಿಲ ಮೇಲೆ ಅವರು. ಕುಡಿಯುವುದಿಲ್ಲ, ಮಾತಿಲ್ಲ. ಒಂದು ಗುಟುಕು ಕುಡಿದು ಚೆನ್ನಾಗಿಲ್ಲ ಅಂದುಬಿಟ್ಟರೆ ಸಹಿಸಬಹುದು. ಮುಟ್ಟದೆ ಹೀಗೆ ಕುಳಿತರೆ?

ಮೂರನೇ ದಿನಕ್ಕೆ ನನ್ನ ಕೆಮ್ಮು ನಿಂತಿತು, ಧೈರ್ಯವೂ ನಿಂತಿತು. ಬೆಳಿಗ್ಗೆ ಒಲೆಯ ಮುಂದೆ ನಿಂತರೆ ಬೆನ್ನ ಹಿಂದೆ ಯಾರೋ ನಿಂತು ಕುದಿ ಸರಿ ಬಂತೇ ಎಂದು ನೋಡುತ್ತಿರುವ ಹಾಗೆ. ಪುಡಿಯ ಡಬ್ಬಿ ಮೇಲಿನ ಅಟ್ಟಕ್ಕೆ ಹಾಕಿದೆ. ಗುರುವಾರ ಬೆಳಿಗ್ಗೆ ನಿದ್ದೆಗಣ್ಣಲ್ಲಿ ನಾನೇ ಅದನ್ನು ಇಳಿಸಿ ನೀರಿಟ್ಟಿದ್ದೆ.

ಎಸ್‌ಟಿಡಿ ಬೂತಿನಿಂದ ಅವ್ವನಿಗೆ ಫೋನ್ ಮಾಡಿದೆ. “ಏ ಹುಚ್ಚಿ, ಮದ್ಲ ಆ ಮನಿ ಖಾಲಿ ಮಾಡು!” ಎಂದು ಬೂತಿನವನಿಗೂ ಕೇಳುವ ಹಾಗೆ ಕೂಗಿದಳು. “ಸತ್ತಾಕಿ ಒಲಿ ಬಿಟ್ಟು ಹೋಗಿಲ್ಲವ್ವ ತಂಗಿ.”

ಮಕ್ಕಳಿಗೆ ಭೂತವಿಲ್ಲ, ದೆವ್ವವಿಲ್ಲ ಎಂದು ಹೇಳಿ ಸಂಬಳ ತಗೊಳ್ಳುವವಳು ನಾನು. ಇದಕ್ಕೊಂದು ಕಾರಣ ಇರಲೇಬೇಕು. ರಾತ್ರಿಯಿಡೀ ಹೊರಳಾಡಿ ಯೋಚಿಸಿದೆ, ಹೊಳೆಯಿತು. ಅಯ್ಯೋ ದಡ್ಡಿ! ಕರಟಗಳು! ಅವು ಭಾಗೀರಥಕ್ಕನ ಅಳತೆಯ ಕರಟಗಳು. ಅದೇ ಅಳತೆ ಹಾಕಿದರೆ ಅದೇ ಘಮ ಬಾರದೆ ಇನ್ನೇನು?

ಆದರೆ ಹೆಗಡೆಯವರಿಗೆ ಹೇಳುವುದೋ ಬಿಡುವುದೋ? ಅವರು ಅಲ್ಲಿ ಬಂದು ಕೂರುವುದು ನನ್ನ ಕಷಾಯಕ್ಕಲ್ಲ ಎಂದು ಗೊತ್ತಾಗಿತ್ತು. ಹೆಂಡತಿ ಬಂದಿದ್ದಾಳೆ ಎಂದು ನಂಬಿ ಕೂರುತ್ತಿದ್ದರೆ, ಮೂರು ಕರಟ ತೋರಿಸಿ ಆ ನಂಬಿಕೆ ಕಿತ್ತುಕೊಳ್ಳಲೇ? ಸುಮ್ಮನಿದ್ದರೆ ದಿನಾ ಒಬ್ಬ ಒಳ್ಳೆಯ ಮನುಷ್ಯನಿಗೆ ಮೋಸ ಮಾಡಿದಂತೆ. ಹೇಳುವುದೇ ಸರಿ ಎನ್ನಿಸಿತು. (ನಿಜ ಹೇಳಲೇ? ನನ್ನ ಹೆದರಿಕೆಗೂ ಒಂದು ಮದ್ದು ಬೇಕಿತ್ತು.)

ಶುಕ್ರವಾರ ಬೆಳಿಗ್ಗೆ ಲೋಟದ ಜೊತೆ ಕರಟಗಳನ್ನೂ ಅವರ ಮುಂದಿಟ್ಟೆ. “ಹೆಗಡೇರೆ, ತಪ್ಪು ತಿಳೀಬೇಡಿ. ನಾನು ಅಳೆದದ್ದು ನಿಮ್ಮ ಮನೆಯವರ ಈ ಕರಟದಲ್ಲಿ. ಅದಕ್ಕೇ ಅವರ ಕಷಾಯದ ಹಾಗೇ ಆಗಿದೆ. ಬೇರೇನೂ ಇಲ್ಲ.”

ಅವರು ಕರಟ ಕೈಗೆತ್ತಿಕೊಂಡು ಅಂಚು ಸವರಿದರು.

“ಇದು ಅವಳದ್ದಲ್ಲ. ನಾನು ಮಾಡಿದ್ದು.”

“ನೀವಾ?”

“ಅವಳದ್ದು ಎಲ್ಲ ಅಂದಾಜು. ನನಗೆ ಅದು ಆಗ್ತಿರಲಿಲ್ಲ. ಒಂದಿನ ಅವಳ ಕೈಯಳತೆನೇ ತೂಗಿ ನೋಡಿ, ಉಜ್ಜಿ ಉಜ್ಜಿ ಈ ಮೂರು ಮಾಡಿದೆ. ನಗಾಡಿ ಮೊಳೆಗೆ ನೇತು ಹಾಕಿದ್ಲು. ಒಂದಿನವೂ ಮುಟ್ಟಲಿಲ್ಲ.” ಕರಟ ಕೆಳಗಿಟ್ಟು ಕೇಳಿದರು. “ಮೆಣಸಿಂದು ಮಾಡಿರಲಿಲ್ಲ. ನೀವು ಮೆಣಸು ಎಂತದ್ರಲ್ಲಿ ಅಳೆದ್ರಿ?”

“ಕೈಯಲ್ಲಿ.”

“ಹ್ಯಾಂಗೆ? ತೋರಿಸಿ.”

ಮೆಣಸಿನ ಡಬ್ಬಿ ತಂದೆ. ಬಾಗಿಲಲ್ಲಿ ನಿಂತು ಅಂಗೈಗೆ ಸುರಿದುಕೊಂಡೆ. ತಟ್ಟೆಗೆ ಹಾಕಬೇಕು ಎನ್ನುವಾಗ ನನ್ನ ಇನ್ನೊಂದು ಕೈ ಬಂತು. ನಾನು ಕರೆದಿರಲಿಲ್ಲ. ಅದು ಒಂದೊಂದಾಗಿ ಕಾಳು ಹೆಕ್ಕಿ ಡಬ್ಬಿಗೆ ವಾಪಸ್ ಹಾಕಿತು. ಒಂದು. ಎರಡು. ಮೂರು. ನಾಲ್ಕು. ಅಷ್ಟಕ್ಕೇ ನಿಂತಿತು.

ಹೆಗಡೆಯವರ ಮುಖ ನೋಡಿದೆ. ನೋಡಬಾರದಿತ್ತು.

“ಆ ನಾಲ್ಕು ಕಾಳಿಗೇ ಜಗಳ,” ಎಂದರು ಅವರು. “ಡಬ್ಬಿ ಪೂರಾ ಖಾಲಿ ಮಾಡಲಾಗ, ಮುಂದಿನ ಸಲಕ್ಕೆ ನಾಲ್ಕಾದ್ರೂ ಇರ್ಲಿ ಅಂತ ಅವಳು. ಅಳೆದ ಮೇಲೆ ತೆಗೆದ್ರೆ ಅದು ಎಂತ ಅಳತೆ ಅಂತ ನಾನು. ಆವತ್ತು ಬೆಳಿಗ್ಗೆ ಸಿಟ್ಟು ನೆತ್ತಿಗೇರಿ, ಇದು ಕುಡಿಯೋ ಹಾಂಗಿಲ್ಲ, ನೀನೇ ಕುಡಿ ಅಂದೆ. ಲೋಟ ಇದೇ ಮೆಟ್ಟಿಲ ಮೇಲೆ ಇಟ್ಟು ಅಂಗಡಿಗೆ ಹೋದೆ. ಹನ್ನೊಂದಕ್ಕೆ ಪಕ್ಕದ ಮನೆಯವ್ರು ಓಡಿ ಬಂದ್ರು. ನಾನು ಮನೆಗೆ ಬರೋದ್ರೊಳಗೆ ಎಲ್ಲ ಮುಗಿದಿತ್ತು. ಲೋಟ ಮಾತ್ರ ಇಲ್ಲೇ ಇತ್ತು. ಕೆನೆ ಕಟ್ಟಿತ್ತು.”

ಮೆಣಸಿನ ಡಬ್ಬಿಗೆ ಮುಚ್ಚಳ ಹಾಕಿ ಕೆಳಗಿಟ್ಟೆ.

(ಅಳೆದ ಮೇಲೆ ನಾಲ್ಕು ಕಾಳು ವಾಪಸ್ ಹಾಕುವ ರೂಢಿ ಎಷ್ಟೋ ಮನೆಗಳಲ್ಲಿದೆ, ನಿಮ್ಮಜ್ಜಿನೂ ಜೋಳ ಅಳೆದಾಗ ಹಾಕುತ್ತಿದ್ದಳು ಎಂದು ಅವ್ವ ಆಮೇಲೆ ಸಮಾಧಾನ ಹೇಳಿದಳು. ಇರಬಹುದು. ಅಜ್ಜಿ ಹೋದಾಗ ನಾನು ತೊಟ್ಟಿಲಲ್ಲಿದ್ದೆ.)

ಹೆಗಡೆಯವರು ಲೋಟ ಎತ್ತಿಕೊಂಡರು. ಒಂದು ಕೈ ಸಾಲದೆ ಎರಡೂ ಕೈಯಲ್ಲಿ ಹಿಡಿದರು. ಕೂದಲೆಳೆಯಷ್ಟು ಸಣ್ಣ ಸ್ಪ್ರಿಂಗನ್ನು ಅಲ್ಲಾಡದೆ ಹಿಡಿಯುವ ಕೈ ಅದು! ಒಂದು ಗುಟುಕು ಕುಡಿದರು. ಆಮೇಲೆ ತಳದ ಚರಟದವರೆಗೂ ಕುಡಿದು, ಖಾಲಿ ಲೋಟ ಮೆಟ್ಟಿಲ ಮೇಲೆ ಮೆಲ್ಲಗೆ ಇಟ್ಟರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ, ಅವರನ್ನು ಕೇಳಿಯೇ ಇದನ್ನು ಬರೆದಿದ್ದೇನೆ. “ಹೆಸರು ಬೇರೆ ಹಾಕಿ, ಮತ್ತೆಲ್ಲ ಇದ್ದ ಹಾಂಗೇ ಬರೀರಿ” ಎಂದರು. ಮನೆಯನ್ನೂ ಬಿಟ್ಟಿಲ್ಲ. ಅದಕ್ಕೇ ಈಗ ಅವ್ವ ಮಾತು ಬಿಟ್ಟಿದ್ದಾಳೆ.

ಇದ್ದ ಹಾಗೇ ಬರೆಯಬೇಕಾದರೆ ಇನ್ನೊಂದು ಮಾತು ಉಳಿದಿದೆ. ಲೋಟ ಇಟ್ಟ ಮೇಲೆ ಹೆಗಡೆಯವರು ತಲೆಯೆತ್ತಿದರು. ನನ್ನನ್ನು ಅವರು ಅಕ್ಕೋರೆ ಎನ್ನುತ್ತಾರೆ, ಬಹುವಚನ ಬಿಟ್ಟು ಮಾತಾಡಿಸಿದವರೇ ಅಲ್ಲ. ಈಗ ನನ್ನ ಹೆಗಲಾಚೆ, ಒಲೆಯ ಕಡೆ ನೋಡುತ್ತ, ತಮ್ಮ ಮನೆಮಾತಿನಲ್ಲಿ ಮೆತ್ತಗೆ ಹೇಳಿದರು:

“ಸರಿ ಇದ್ದು ಮಾರಾಯ್ತಿ. ಎಂತದೂ ಹೆಚ್ಚು ಕಮ್ಮಿ ಆಜಿಲ್ಲೆ.”

ನನ್ನ ಬೆನ್ನ ಹಿಂದೆ ಯಾರೋ ನಿಡಿದಾಗಿ ಉಸಿರು ಬಿಟ್ಟ ಹಾಗಾಯಿತು. ಕಷಾಯ ಉಕ್ಕಿ ಒಲೆಗೆ ಬಿದ್ದ ಸದ್ದಿರಬೇಕು. ಆದರೆ ಒಲೆ ಆರಿಸಿ ಆಗಲೇ ಬಹಳ ಹೊತ್ತಾಗಿತ್ತು.

ನಾನು ತಿರುಗಿ ನೋಡಲಿಲ್ಲ. ನೀವಾಗಿದ್ದರೆ ನೋಡುತ್ತಿದ್ದಿರಾ?