ಅಕ್ಕ ಇಟ್ಟ ಹುಸಿ ಚುಕ್ಕಿ

ನನ್ನ ಅಕ್ಕನನ್ನು ಕೆಣಕಿ ಗೆದ್ದವರಿಲ್ಲ. ಚಿಕ್ಕಂದಿನಲ್ಲಿ ಅವಳ ಪೆನ್ಸಿಲ್ ಮುರಿದ ದೊಡ್ಡಪ್ಪನ ಮಗ, ಇವತ್ತಿಗೂ ನಮ್ಮ ಮನೆಗೆ ಬಂದರೆ ಕುರ್ಚಿಯನ್ನು ಮುಟ್ಟಿ ನೋಡಿಯೇ ಕೂರುತ್ತಾನೆ. ನಾನು ಹಲ್ಲಿನ ಡಾಕ್ಟರ ಹತ್ತಿರ ಕೆಲಸಕ್ಕಿರುವವಳು. ಊರವರ ಬಾಯಿ ತೆರೆಸುತ್ತೇನೆ, ನನ್ನ ಬಾಯಿ ಮುಚ್ಚುವುದು ನನಗೇ ಬಾರದು. ಸಿಟ್ಟು ಬಂದರೆ ಆಗಲೇ ಕೂಗಾಡಿ ಮುಗಿಸುತ್ತೇನೆ. ಅಕ್ಕ ಹಾಗಲ್ಲ, ಕೂಡಿಡುವವಳು.

ಅವಳ ಕೆಲಸ ಆಕಾಶದ್ದು. ಬೆಟ್ಟದ ಮೇಲಿನ ದೂರದರ್ಶಕವೊಂದು ಆಕಾಶದ ಫೋಟೊ ತೆಗೆಯುತ್ತಲೇ ಇರುತ್ತದೆ. ಹೊಸ ಫೋಟೊದಿಂದ ಹಳೆಯದನ್ನು ಕಳೆದರೆ, ಹೊಸದಾಗಿ ಹೊಳೆದದ್ದು ಮಾತ್ರ ಚುಕ್ಕಿಯಾಗಿ ಉಳಿಯುತ್ತದೆ. ಅಂಥ ಚುಕ್ಕಿಗಳು ಲಕ್ಷಗಟ್ಟಲೆ. ಹೆಚ್ಚಿನವು ಕ್ಯಾಮೆರಾದ ದೋಷ, ಹಾದುಹೋದ ಉಪಗ್ರಹ, ಒಟ್ಟಿನಲ್ಲಿ ಕಸ. ಮನುಷ್ಯರು ಆರಿಸುತ್ತ ಕೂತರೆ ಜನ್ಮ ಸಾಲದು. ಅದಕ್ಕೇ ಅಕ್ಕ ಕಂಪ್ಯೂಟರಿಗೆ ಪಾಠ ಹೇಳುತ್ತಾಳೆ. ಇದು ನಿಜ, ಇದು ಕಸ ಎಂದು ಸಾವಿರಾರು ಚಿತ್ರ ತೋರಿಸಿ, ಕೊನೆಗೆ ಅದೇ ಆರಿಸುವಂತೆ ಮಾಡುತ್ತಾಳೆ. ಪಾಠ ಸರಿಯಾಗಿ ತಲೆಗೆ ಹತ್ತಿದೆಯೇ ಎಂದು ಪರೀಕ್ಷಿಸಲು ಆಗಾಗ ಫೋಟೊದೊಳಗೆ ಒಂದು ಸುಳ್ಳು ಚುಕ್ಕಿ ಇಡುತ್ತಾಳೆ. ಅವರ ಆಫೀಸಿನಲ್ಲಿ ಅದಕ್ಕೆ ‘ಹುಸಿ’ ಎನ್ನುತ್ತಾರೆ. ಹುಸಿ ಇಟ್ಟವರು ಪಕ್ಕದ ಕಾಲಮ್ಮಿನಲ್ಲಿ ಗುರುತು ಹಾಕಬೇಕು. ಯಾವುದೇ ಚುಕ್ಕಿಯನ್ನು ಲೋಕಕ್ಕೆ ಸಾರುವವರು ಮೊದಲು ಆ ಕಾಲಮ್ಮು ನೋಡಬೇಕು. ಇಷ್ಟೇ ನಿಯಮ.

ಅಕ್ಕನಿಗೆ ಬೇಕಿದ್ದದ್ದು ಒಂದೇ. ಸತ್ತ ನಕ್ಷತ್ರಗಳೆರಡು ಡಿಕ್ಕಿ ಹೊಡೆದಾಗ ಏಳುವ ಬೆಳಕು. ಬಲು ಅಪರೂಪ, ಕೆಲವೇ ದಿನಗಳಲ್ಲಿ ಆರಿಹೋಗುತ್ತದೆ. ಅಷ್ಟರೊಳಗೆ ಬೇರೆ ಊರಿನ ದೊಡ್ಡ ದೂರದರ್ಶಕದವರು ಅತ್ತ ತಿರುಗಿ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿದರೆ ಮಾತ್ರ ಅದು ಏನೆಂದು ಖಾತ್ರಿಯಾಗುವುದು. ಮದುವೆಯ ಮಾತೆತ್ತಿದಾಗಲೆಲ್ಲ, “ಅಮ್ಮಾ, ಅದೊಂದು ಸಿಗಲಿ, ಆಮೇಲೆ ನೀನು ಕತ್ತೆ ತೋರಿಸಿದ್ರೂ ಕಟ್ಕೋತೀನಿ” ಎನ್ನುತ್ತಿದ್ದಳು.

ಸಿಕ್ಕಿತು. ಸಿಕ್ಕ ದಿನವೇ ಅಮ್ಮನ ಕಣ್ಣಿನ ಆಪರೇಷನ್. ಪಕ್ಕದ ಮೇಜಿನವನಿಗೆ, “ಇದನ್ನ ಒಂದ್ಸಲ ಪರಿಶೀಲಿಸಿ, ಸಂಜೆ ಬಂದು ಕಳಿಸ್ತೀನಿ” ಎಂದು ಹೇಳಿ ಆಸ್ಪತ್ರೆಗೆ ಓಡಿ ಬಂದಳು. ಆ ಮಹಾನುಭಾವನಿಗೆ ನಾನಿಟ್ಟ ಹೆಸರು ಬೆಣ್ಣೆ. ಮೇಲಿನವರಿಗೆ ಬೆಣ್ಣೆ ಹಚ್ಚುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಸಂಜೆಯ ಹೊತ್ತಿಗೆ ಚುಕ್ಕಿ ಅವನ ಹೆಸರಿನಲ್ಲಿ ಲೋಕವನ್ನೆಲ್ಲ ಸುತ್ತಿ ಬಂದಿತ್ತು. ಆಮೇಲೆ ಅಚ್ಚಾದ ಲೇಖನದ ತುದಿಯಲ್ಲಿ ಅಕ್ಕನಿಗೂ ಒಂದು ಸಾಲು ಕೃತಜ್ಞತೆ, ‘ನೆರವಾದ ಸಹಾಯಕಿ’ ಎಂದು. ಸಹಾಯಕಿಯಂತೆ, ಅವನ ಮುಖಕ್ಕಿಷ್ಟು!

“ಹೋಗಿ ಕಪಾಳಕ್ಕೆ ಎರಡು ಬಿಗೀಬಾರ್ದಾ?” ಎಂದೆ.

“ಕಪಾಳದ ಉರಿ ಎಷ್ಟು ಹೊತ್ತಿರತ್ತೆ ಹೇಳು. ಅವನು ಬಾಯ್ಬಿಟ್ರೆ ಯಾರೂ ನಂಬಬಾರ್ದು, ಹಂಗೆ ಮಾಡ್ತೀನಿ.”

ಆ ಮಾತಿಗೆ ನನಗಾದ ಖುಷಿ ಅಷ್ಟಿಷ್ಟಲ್ಲ. ಅಮ್ಮ ಮಾತ್ರ ಕಣ್ಣಿಗೆ ಔಷಧಿ ಹಾಕಿಸಿಕೊಳ್ಳುತ್ತಲೇ, “ಕೋಪದಲ್ಲಿ ಕೊಯ್ದ ಮೂಗು ಆಮೇಲೆ ಬರಲ್ಲ ಕಣೇ” ಎಂದಳು. “ಮೂಗು ಅವನದು ತಾನೇ, ನೀನು ಅಲ್ಲಾಡಬೇಡ” ಎಂದು ಅವಳ ಬಾಯಿ ಮುಚ್ಚಿಸಿದೆ.

ಅಕ್ಕ ಒಂದು ವಿಷಯ ಗಮನಿಸಿದ್ದಳು. ಅವಳು ಊಟಕ್ಕೆ ಎದ್ದಾಗ ಬೆಣ್ಣೆ ಅವಳ ಚುಕ್ಕಿಗಳನ್ನು ತಡಕುತ್ತಿದ್ದ. ಮೊದಲಿಗನಾಗುವ ಆತುರದಲ್ಲಿ ಹುಸಿಯ ಕಾಲಮ್ಮನ್ನು ತೆರೆಯುತ್ತಲೇ ಇರಲಿಲ್ಲ. ಅವಳು ತಿಂಗಳುಗಟ್ಟಲೆ ಕೂತು ಒಂದು ಹುಸಿ ತಯಾರಿಸಿದಳು. ಮೊದಲ ದಿನ ಎಷ್ಟು ಹೊಳಪು, ಮರುದಿನ ಎಷ್ಟು ಕೆಂಪು, ಎಲ್ಲವೂ ನಿಜದಂತೆ. ನಿಯಮದ ಪ್ರಕಾರ ಕಾಲಮ್ಮಿನಲ್ಲಿ ಗುರುತು ಹಾಕಿ, ಕೈ ತೊಳೆದುಕೊಂಡು, ನನ್ನ ಜೊತೆ ಊಟಕ್ಕೆ ಬಂದಳು. ಅವತ್ತು ಅವಳು ಎರಡು ಸಲ ಬಡಿಸಿಕೊಂಡು ಉಂಡಳು.

ಬೆಣ್ಣೆ ಬಲೆಗೆ ಬಿದ್ದ. ಅವನು ಡಂಗುರ ಹೊಡೆದದ್ದೇ, ದೊಡ್ಡ ದೂರದರ್ಶಕದವರು ತಮ್ಮ ಕೆಲಸವನ್ನೆಲ್ಲ ಬದಿಗಿಟ್ಟು ಅತ್ತ ತಿರುಗಿದರು. ಅಲ್ಲೇನಿದೆ, ಬಟಾಬಯಲು! ಮೀಟಿಂಗಿನಲ್ಲಿ ಮುಖ್ಯಸ್ಥರು, “ಹುಸಿ ಕಾಲಂ ನೋಡಿದ್ರೇನ್ರೀ?” ಎಂದು ಕೇಳಿದರಂತೆ. ಅವನು ನೆಲ ನೋಡಿದನಂತೆ. ಅಕ್ಕ ತನ್ನ ಕಂಪ್ಯೂಟರನ್ನು ಎಲ್ಲರಿಗೂ ಕಾಣುವಂತೆ ತಿರುಗಿಸಿ ಗುರುತು ತೋರಿಸಿದಳಂತೆ. ಸಾರುವ ಕೆಲಸದಿಂದ ಅವನನ್ನು ತೆಗೆದು ಹಳೆಯ ಫೋಟೊ ಜೋಡಿಸಲು ಕೂರಿಸಿದರು. ಮನೆಗೆ ಬಂದು ಅವನ ಮೋರೆಯನ್ನು ಅಕ್ಕ ಮಾಡಿ ತೋರಿಸಿದಾಗ ನಕ್ಕು ನಕ್ಕು ನನ್ನ ಪಕ್ಕೆ ಹಿಡಿದುಕೊಂಡಿತು. ಉಪ್ಪು ತಿಂದವನು ನೀರು ಕುಡಿಯಲೇಬೇಕು. ನನ್ನ ಹೊಟ್ಟೆ ತಣ್ಣಗಾಯಿತು.

ಮುಂದಿನ ವರ್ಷ ಒಂದು ಬೆಳಿಗ್ಗೆ ಅಕ್ಕನ ಕಂಪ್ಯೂಟರು ಒಂದು ಚುಕ್ಕಿಯನ್ನು ಎಲ್ಲಕ್ಕಿಂತ ಮೇಲೆ ತಂದಿಟ್ಟಿತು. ಅದೇ ಬೆಳಕು. ಅಕ್ಕ ಹತ್ತು ಸಲ ಪರೀಕ್ಷಿಸಿದಳು. ಹುಸಿಯಲ್ಲ, ಕಸವಲ್ಲ. ದೊಡ್ಡ ದೂರದರ್ಶಕದವರಿಗೆ ತಾನೇ ಫೋನ್ ಮಾಡಿದಳು.

“ನಿಮ್ಮ ಆಫೀಸಿಂದ ಬಂದ ಚುಕ್ಕಿ ಅಂದ್ರೆ ಈಗ ಒಂದು ವಾರ ಕಾದು ನೋಡ್ತೀವಿ ಮೇಡಂ,” ಎಂದರು ಅವರು. “ಒಂದ್ಸಲ ಮೋಸ ಹೋಗಿದ್ದು ಸಾಕು.”

“ವಾರದಲ್ಲಿ ಅದು ಆರಿಹೋಗತ್ತೆ ಸಾರ್!”

“ನಮಗೂ ಕೆಲಸ ಇದೆ ಮೇಡಂ.”

ಮನೆಯಲ್ಲಿ ಕೇಳಿ ನನ್ನ ಮೈಯೆಲ್ಲ ಉರಿಯಿತು. “ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ!” ಎಂದು ಕೂಗಾಡಿದೆ.

“ಎತ್ತಿಗೆ ಜ್ವರ ಬರಿಸಿದ್ದು ಯಾರು ಅಂತಾನೂ ಹೇಳು,” ಎಂದಳು ಅಮ್ಮ.

ಅಷ್ಟರಲ್ಲಿ ಅಕ್ಕನಿಗೆ ಫೋನ್ ಬಂತು. ಬೆಣ್ಣೆ! ಆಡಿಕೊಳ್ಳಲೆಂದೇ ಮಾಡಿದ್ದಾನೆ, ಇವತ್ತು ಇವನ ಚಳಿ ಬಿಡಿಸುತ್ತೇನೆ ಎಂದು ನಾನೇ ಸ್ಪೀಕರ್ ಒತ್ತಿದೆ.

“ಮೇಡಂ, ನಿಮ್ಮ ಚುಕ್ಕಿ ನೋಡಿದೆ. ಅಪ್ಪಟ ನಿಜ. ದೂರದರ್ಶಕದವರಿಗೆ ನಾನೇ ಫೋನ್ ಮಾಡಿದ್ದೆ, ದಮ್ಮಯ್ಯ ಇದನ್ನ ಬಿಡಬೇಡಿ, ಆ ಮೇಡಂ ತಪ್ಪೋರಲ್ಲ ಅಂತ.”

ಅಕ್ಕ ತಟ್ಟನೆ ಎದ್ದು ನಿಂತಳು. “ಏನಂದ್ರು?”

“ಯಾರು ಮಾತಾಡೋದು ಅಂತ ಕೇಳಿದ್ರು. ಹೆಸರು ಹೇಳ್ದೆ. ಫೋನ್ ಇಟ್ಬಿಟ್ರು.”

ಬಾಯಿಗೆ ಬಂದದ್ದೆಲ್ಲ ಬೈಯಲು ಸಜ್ಜಾಗಿದ್ದ ನಾನು ಸ್ಪೀಕರ್ ಆರಿಸಿ ಫೋನನ್ನು ಅಕ್ಕನ ಕೈಗೆ ಕೊಟ್ಟೆ. ಚುಕ್ಕಿ ದಿನದಿಂದ ದಿನಕ್ಕೆ ಸಣ್ಣಗಾಗಿ, ಆ ವಾರ ಮುಗಿಯುವ ಮೊದಲೇ ಹೋಯಿತು. ಅಕ್ಕ ಈಗಲೂ ಆಫೀಸಿಗೆ ಹೋಗುತ್ತಾಳೆ, ಅವನ ಪಕ್ಕದ ಮೇಜಿನಲ್ಲೇ ಕೂರುತ್ತಾಳೆ. ಥೂ, ಆ ದರಿದ್ರದವನು ಅದೊಂದು ಸಲ ಒಳ್ಳೆಯವನಾಗಬಾರದಿತ್ತು. ಇನ್ನು ಅವಳು ನೆಮ್ಮದಿಯಾಗಿ ಅವನನ್ನು ದ್ವೇಷಿಸುವುದಾದರೂ ಹೇಗೆ?