ಓಕಾದಾ ಅವರ ಹಾಜರಿ

ಓಕಾದಾ ಅವರು ಕ್ಲಾಸಿಗೆ ಬರುತ್ತಿರಲಿಲ್ಲ ಎಂದು ನಾನು ಹೇಳಿದ್ದು ಸುಳ್ಳು. ಅವರು ಬರುತ್ತಿದ್ದರು. ಹೇಳಿದ ಹೊತ್ತಿಗಿಂತ ಐದು ನಿಮಿಷ ಮೊದಲೇ ಬಂದು, ಬಾಗಿಲ ಹೊರಗೆ ನಿಂತು, ಸಮಯವಾದ ಮೇಲೆ ಬಾಗಿಲು ತಟ್ಟುತ್ತಿದ್ದರು. ಅವರನ್ನು ಕ್ಲಾಸಿನಿಂದ ಎಬ್ಬಿಸಿ ಸಿನೆಮಾಕ್ಕೆ ಕರೆದುಕೊಂಡು ಹೋಗುತ್ತಿದ್ದವಳು ನಾನು. ಇಷ್ಟನ್ನು ಬರೆಯಲಿಕ್ಕೆ ನನಗೆ ಐದು ವರ್ಷ ಬೇಕಾಯಿತು — ಬರೆದ ಮೇಲೆ ನೋಡಿದರೆ ನಾಲ್ಕು ಸಾಲೂ ಆಗಲಿಲ್ಲ.

ಆಗ ನಾನು ದುಬೈಯ ಅಲ್ ಮುರಕ್ಕಬಾತ್‌ನಲ್ಲಿ, ಶವರ್ಮಾ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿದ್ದ ಚಿಕ್ಕ ಭಾಷಾ ಕೇಂದ್ರದಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಮೆಟ್ರೋ ಬಂದು ಮೂರ್ನಾಲ್ಕು ವರ್ಷವಾಗಿದ್ದ ಕಾಲ. ಸಿಲಿಕಾನ್ ಓಯಸಿಸ್‌ನಲ್ಲಿದ್ದ ಜಪಾನೀ ಕಂಪನಿಯೊಂದು ತನ್ನ ಎಂಜಿನಿಯರುಗಳನ್ನು ನಮ್ಮಲ್ಲಿಗೆ ಕಳಿಸುತ್ತಿತ್ತು. ಊರಲ್ಲಿ, ಕಾರ್ಕಳದ ಹತ್ತಿರದ ಹೈಸ್ಕೂಲಿನಲ್ಲಿ, ಹುಡುಗರಿಗೆ ವ್ಯಾಕರಣ ಬಾಯಿಪಾಠ ಮಾಡಿಸುತ್ತಿದ್ದ ನನಗೆ, ಐವತ್ತು ದಾಟಿದ ಗಂಡಸರು ಎದ್ದು ನಿಂತು ತಲೆಬಾಗಿಸಿ "ಸೆನ್ಸೇ" ಎಂದಾಗ ಮೊದಮೊದಲು ನಗು ಬರುತ್ತಿತ್ತು. ಟೀಚರ್ ಎಂದು ಅರ್ಥವಂತೆ. ನಗು ಹೋಗಿ ಹೆಮ್ಮೆ ಬಂದದ್ದು ಯಾವಾಗ — ಗೊತ್ತಾಗಲಿಲ್ಲ.

ಮೊದಲು ನಾಲ್ವರಿದ್ದರು. ಒಬ್ಬೊಬ್ಬರೇ ಬೇರೆ ಬೇರೆ ಸೈಟುಗಳಿಗೆ ಹೋಗಿ ಕೊನೆಗೆ ಓಕಾದಾ ಒಬ್ಬರೇ ಉಳಿದರು. ಅಬುಧಾಬಿಯ ದೊಡ್ಡ ಕೆಲಸವೊಂದಕ್ಕೆ ಅವರನ್ನು ಮುಖ್ಯಸ್ಥರನ್ನಾಗಿ ಮಾಡಬೇಕೆಂದು ಕಂಪನಿಯ ಯೋಚನೆ. ಇಂಗ್ಲಿಷ್ ಒಂದು ಹದಕ್ಕೆ ಬರಬೇಕಿತ್ತು. ಭಾನುವಾರ ಮತ್ತು ಮಂಗಳವಾರ, ಮೂರರಿಂದ ಐದು.

ಒಮ್ಮೆ ಅವರು ಊರಿನಿಂದ ಬರುವಾಗ ಸಿಹಿಯ ಪೆಟ್ಟಿಗೆ ತಂದಿದ್ದರು. ನಾನು ಸೌಜನ್ಯಕ್ಕೆ "ಯೂ ಶುಡಂಟ್ ಹ್ಯಾವ್" ಎಂದೆ. ಅವರು ಗಾಬರಿಯಾಗಿ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಂದಕ್ಕೆ ತೆಗೆದುಕೊಂಡರು. ತರಬಾರದಿತ್ತು ಎಂದು ಟೀಚರೇ ಹೇಳಿದ ಮೇಲೆ ಮತ್ತೇನು? ಅರ್ಥ ಹೇಳಿದ ಮೇಲೆ ಇಬ್ಬರೂ ನಕ್ಕೆವು. ಪುಸ್ತಕದಲ್ಲಿ ಇಂಥದ್ದೆಲ್ಲ ಸಿಗುವುದಿಲ್ಲ, ಇದಕ್ಕೆ ಸಿನೆಮಾ ನೋಡಬೇಕು ಎಂದೆ ನಾನು. ಮಾತು ಹಾಗೆ ಹುಟ್ಟಿತು.

ಆದರೆ ಪ್ರಾಮಾಣಿಕವಾಗಿ ಹೇಳುವುದಾದರೆ — ಈಗಲಾದರೂ ಹೇಳಬೇಕಲ್ಲ — ಅದರಲ್ಲಿ ಪಾಠದ ಕಾಳಜಿ ಅರ್ಧವೂ ಇರಲಿಲ್ಲ. ನನ್ನ ಗಂಡ ರೋನಿ ಆ ವರ್ಷ ಹೋಟೆಲಿನ ಕೆಲಸ ಕಳೆದುಕೊಂಡು ಮನೆಯಲ್ಲಿದ್ದ. ಅವನೂ ಮಗಳು ಅಲಿಶಾಳೂ ನನ್ನ ವೀಸಾದ ಮೇಲಿದ್ದರು. ಸತ್ವಾದಲ್ಲಿ ಮೂರು ಸಂಸಾರ ಹಂಚಿಕೊಂಡಿದ್ದ ವಿಲ್ಲಾದ ಒಂದು ಕೋಣೆ ನಮ್ಮದು. ನಾನು ದಿನಕ್ಕೆ ಎಂಟು ಗಂಟೆ ಮಾತಾಡುತ್ತಿದ್ದೆ. ಮಂಗಳವಾರ ಮಧ್ಯಾಹ್ನ, ನಡೆದೇ ಹೋಗಬಹುದಾದ ಮಾಲ್‌ನಲ್ಲಿ, ಎರಡು ಗಂಟೆ ಕತ್ತಲೆ, ತಂಪು, ಯಾರೊಡನೆಯೂ ಮಾತಾಡಬೇಕಿಲ್ಲ. ನನಗೆ ಬೇಕಿದ್ದದ್ದು ಅದು. ಮೊದಲ ಸಿನೆಮಾದಲ್ಲಿ ನಾನು ಅರ್ಧಕ್ಕೇ ನಿದ್ದೆ ಹೋಗಿದ್ದೆ.

ಅವರು ನಿದ್ದೆ ಹೋಗಲಿಲ್ಲ. ಕತ್ತಲೆಯಲ್ಲೇ ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಮುಂದಿನ ಭಾನುವಾರ ಒಂದರ ಮೇಲೊಂದು ಹತ್ತಿಕೊಂಡ ಆ ಸಾಲುಗಳನ್ನು ಬಿಡಿಸುವುದೇ ನಮ್ಮ ಪಾಠ. "ಐ ಕುಡ್ ಯೂಸ್ ಎ ಡ್ರಿಂಕ್ — ಸೆನ್ಸೇ, ಡ್ರಿಂಕನ್ನು ಉಪಯೋಗಿಸುವುದು ಹೇಗೆ?" ಹಿಂದಿನ ಸಾಲಿನಲ್ಲಿ ಯಾರೋ ಫೋನಿನಲ್ಲಿ ಗಟ್ಟಿಯಾಗಿ ಮಾತಾಡುತ್ತಿದ್ದರೂ ಅವರು ತಿರುಗಿ ನೋಡುತ್ತಿರಲಿಲ್ಲ. ಚಿತ್ರ ಮುಗಿದ ಮೇಲೆ ಹೆಸರುಗಳೆಲ್ಲ ಮೇಲೆ ಹೋಗಿ ಪರದೆ ಖಾಲಿಯಾಗುವವರೆಗೆ ಏಳುತ್ತಿರಲಿಲ್ಲ. ಕಸ ಗುಡಿಸುವವರು ಪೊರಕೆ ಹಿಡಿದು ಕಾಯುತ್ತಿದ್ದರು. ಇವರು ಅವರಿಗೂ ತಲೆಬಾಗಿ, ತಮ್ಮ ಖಾಲಿ ಲೋಟವನ್ನು ತಾವೇ ತೆಗೆದುಕೊಂಡು ಹೊರಡುತ್ತಿದ್ದರು. ಮೂರನೆಯ ವಾರ ಹೇಳಿದರು: ಹೆಂಡತಿ ಇದ್ದಾಗ ಇಬ್ಬರೂ ವಾರಕ್ಕೊಂದು ಸಿನೆಮಾ ನೋಡುತ್ತಿದ್ದರಂತೆ. ಅವಳು ತೀರಿಕೊಂಡು ನಾಲ್ಕು ವರ್ಷ. ಆಮೇಲೆ ಥಿಯೇಟರಿನೊಳಗೆ ಕಾಲಿಟ್ಟದ್ದು ಇಲ್ಲಿಯೇ, ನನ್ನ ಜೊತೆ.

ಅದನ್ನು ಕೇಳಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ನಾನೂ ನೋಡಲು ಕಲಿತೆ.

ಒಂದು ಶುಕ್ರವಾರ ಬೆಳಿಗ್ಗೆ ದೇರಾದಲ್ಲಿ ತುಳು ಸಿನೆಮಾದ ಶೋ ಇತ್ತು. ಅವರನ್ನೂ ಕರೆದೆವು. ನಮ್ಮವರ ಸಿಳ್ಳೆ, ಕೂಗು, ಹಾಸ್ಯನಟ ಬಾಯಿ ತೆರೆಯುವ ಮೊದಲೇ ನಗು. ಓಕಾದಾ ನಡುವೆ ನೆಟ್ಟಗೆ ಕೂತಿದ್ದರು. ರೋನಿ ಅವರ ಕಿವಿಯಲ್ಲಿ ತನಗೆ ಬಂದ ಇಂಗ್ಲಿಷಿನಲ್ಲಿ ಕಥೆ ಹೇಳುತ್ತಲೇ ಇದ್ದ. ಮುಗಿದ ಮೇಲೆ ಜನವೆಲ್ಲ ಬಿರಿಯಾನಿಗೆ ಓಡಿದರೂ ಅವರು ಹೆಸರುಗಳನ್ನು ಓದುವವರ ಹಾಗೆ ಕೂತರು — ತುಳು ಸಿನೆಮಾದ ಕನ್ನಡ ಲಿಪಿಯ ಹೆಸರುಗಳು. "ಮಮ್ಮಾ, ವೈ ಈಸ್ ಹಿ ಸ್ಟಿಲ್ ಸಿಟ್ಟಿಂಗ್?" ಎಂದಳು ಅಲಿಶಾ. ರೋನಿ ಅವಳನ್ನು ಸುಮ್ಮನಿರಿಸಿ ತಾನೂ ಕೂತ. ಹೊರಗೆ ಬಂದ ಮೇಲೆ ಓಕಾದಾ ಹೇಳಿದರು: "ಇಲ್ಲಿ ಜನ ಸಿನೆಮಾದೊಡನೆ ಮಾತಾಡುತ್ತಾರೆ. ನನ್ನ ಹೆಂಡತಿಗೆ ಇಷ್ಟವಾಗುತ್ತಿತ್ತು." ರೋನಿ ಕೆಲಸವಿಲ್ಲದ ಆ ತಿಂಗಳುಗಳಲ್ಲಿ ಮನಸ್ಸು ಬಿಚ್ಚಿ ಮಾತಾಡಿದ್ದು ಆ ಮನುಷ್ಯನ ಹತ್ತಿರ ಮಾತ್ರ.

ಸಿಕ್ಕಿಬಿದ್ದದ್ದು ಏಳನೆಯ ಮಂಗಳವಾರ. ಟೋಕಿಯೋದಿಂದ ಹಿರಿಯ ಅಧಿಕಾರಿಯೊಬ್ಬರು ಮುನ್ಸೂಚನೆಯಿಲ್ಲದೆ ಕಂಪನಿಗೆ ಬಂದು ಓಕಾದಾ ಅವರನ್ನು ಕೇಳಿದರಂತೆ. ಕಂಪನಿಯಿಂದ ನಮ್ಮ ಕೇಂದ್ರಕ್ಕೆ ಫೋನ್ ಬಂತು. ನಮ್ಮ ಮ್ಯಾನೇಜರ್ ಬಾಗಿಲು ತೆರೆದು ನೋಡಿದರೆ ಕೋಣೆ ಖಾಲಿ. ಹಾಜರಿ ಪುಸ್ತಕದಲ್ಲಿ ಮಾತ್ರ ಮೂರರಿಂದ ಐದು, ಓಕಾದಾ, ಹಾಜರು — ಕೆಳಗೆ ನನ್ನ ಸಹಿ. ಎಂದಿನಂತೆ ಹೊರಡುವ ಮೊದಲೇ ಹಾಕಿಟ್ಟಿದ್ದೆ. ಓಕಾದಾ ಅವರ ಫೋನ್ ಸ್ವಿಚ್ ಆಫ್ ಆಗಿತ್ತು. ಸಿನೆಮಾ ಶುರುವಾಗುವ ಮೊದಲೇ ಅವರು ಫೋನ್ ಪೂರ್ತಿ ಆರಿಸುತ್ತಿದ್ದರು. ನನ್ನದು ಆರಿಸಿರಲಿಲ್ಲ. ಅಂಗೈಯಲ್ಲಿ ಮ್ಯಾನೇಜರರ ಹೆಸರು ಬೆಳಗಿತು. ಫೋನನ್ನು ಕವುಚಿ ಇಟ್ಟೆ. ಆಗ ಎತ್ತಿದ್ದರೆ — ಹೋಗಲಿ.

ಮ್ಯಾನೇಜರ್ ಸದಾನಂದಣ್ಣ ಉಡುಪಿ ಕಡೆಯವರು, ಕ್ರಿಶ್ಚಿಯನ್ ಹೆಂಗಸರನ್ನು ಊರಲ್ಲಿ ಕರೆಯುವಂತೆ ನನ್ನನ್ನೂ 'ಬಾಯಿ' ಎನ್ನುತ್ತಿದ್ದರು. ಕೆಟ್ಟವರಲ್ಲ. ಗುರುವಾರ ಬೆಳಿಗ್ಗೆ ನನ್ನನ್ನು ಕೂರಿಸಿ ಹೇಳಿದರು:

"ನೋಡಿ ಬಾಯಿ, ಎಂತ ಆಯ್ತು ಅಂತ ನಾನು ಕೇಳುದಿಲ್ಲ. ಕಂಪನಿಯವರು ಈಗ ಬರ್ತಾರೆ. ಟೀಚರ್‌ದ್ದು ತಪ್ಪು ಅಂತಾದ್ರೆ ಕಾಂಟ್ರ್ಯಾಕ್ಟ್ ಖಲಾಸ್. ಮತ್ತೆ ನಿಮ್ಮನ್ನು ನಾನು ಇಟ್ಕೊಳ್ಳಿಕ್ಕೆ ಆಗುದಿಲ್ಲ. ಸ್ಟೂಡೆಂಟೇ ತಪ್ಪಿಸಿದ್ದು ಅಂತಾದ್ರೆ ಅದು ಅವರವರ ವಿಷಯ."

ಸುಳ್ಳು ಹೇಳಿ ಎಂದು ಅವರು ಹೇಳಲಿಲ್ಲ. ಅದನ್ನು ಸ್ಪಷ್ಟವಾಗಿ ಬರೆಯುತ್ತೇನೆ. ಅವರು ಬಾಗಿಲು ತೆರೆದರು. ಒಳಗೆ ಹೋದವಳು ನಾನೇ.

ಕಂಪನಿಯ ಆಡಳಿತ ವಿಭಾಗದ ತರುಣ ಅಧಿಕಾರಿಯೊಬ್ಬ ಬಂದ. ಪಕ್ಕದಲ್ಲಿ ಓಕಾದಾ. ಆ ತರುಣ ಬಹಳ ಮರ್ಯಾದೆಯಿಂದ ಕೇಳಿದ: ಮಂಗಳವಾರ ಪಾಠ ನಡೆಯಿತೇ ಮೇಡಂ?

"ಇಲ್ಲ. ಅವರು ಬರಲಿಲ್ಲ. ಹಾಜರಿ ಹಾಕಿ ಎಂದು ಅವರೇ ಕೇಳಿಕೊಂಡಿದ್ದರು."

"ಹಿಂದಿನ ಮಂಗಳವಾರಗಳಲ್ಲಿ ಕೂಡ?"

"ಹೌದು."

ಮೊದಲ ಮಾತು ಭಯದಲ್ಲಿ ಬಂತು ಎನ್ನಬಹುದು. ಎರಡನೆಯದು ಹಾಗಲ್ಲ. ಎರಡನೆಯದನ್ನು ಹೇಳುವಾಗ ನನಗೆ ಯೋಚಿಸಲು ಸಮಯವಿತ್ತು.

ಓಕಾದಾ ನನ್ನನ್ನು ನೋಡಿದರು. ಸಭೆಯಲ್ಲಿ ಇನ್ನೊಬ್ಬರ ಮಾತನ್ನು ವಿನಯದಿಂದ ಅಲ್ಲಗಳೆಯುವುದು ಹೇಗೆಂದು ನಾನೇ ಎರಡು ವಾರ ಕಲಿಸಿದ್ದೆ. ಆ ವಾಕ್ಯಗಳು ಅವರಿಗೆ ಚೆನ್ನಾಗಿ ಬರುತ್ತಿದ್ದವು. ಒಂದನ್ನೂ ಬಳಸಲಿಲ್ಲ. ಎದ್ದು ನಿಂತು ಆ ತರುಣನಿಗೆ ತಲೆಬಾಗಿಸಿ, ಇಂಗ್ಲಿಷಿನಲ್ಲೇ, ನನಗೂ ಕೇಳಲೆಂಬಂತೆ ಹೇಳಿದರು: "ಐ ವಾಸ್ ಇನ್ ದ ಸಿನೆಮಾ. ಇಟ್ ಈಸ್ ಮೈ ಮಿಸ್ಟೇಕ್." 'ವೀ' ಅಲ್ಲ, 'ಐ'. ವ್ಯಾಕರಣದ ಟೀಚರ್ ನಾನು — ನನಗೆ ಅದು ಕೇಳಿಸದೆ ಇರುತ್ತದೆಯೇ?

ಅಬುಧಾಬಿಯ ಕೆಲಸ ಬೇರೆಯವರಿಗೆ ಹೋಯಿತು. ಮೂರು ವಾರದಲ್ಲಿ ಅವರು ಜಪಾನಿಗೆ ವಾಪಸಾದರು. ನಾನು ವಿದಾಯ ಹೇಳಲು ಹೋಗಲಿಲ್ಲ. ಮನೆಯಲ್ಲಿ ರೋನಿ ಕೇಳಿದಾಗ ಅದೇ ಸುಳ್ಳನ್ನು ಹೇಳಿದೆ: ಅವರು ಕ್ಲಾಸ್ ತಪ್ಪಿಸುತ್ತಿದ್ದರು, ನನ್ನ ಕೈಯಿಂದ ಕಳ್ಳಸಹಿ ಹಾಕಿಸಿದರು, ನನ್ನ ಕೆಲಸಕ್ಕೇ ಸಂಚಕಾರ ಬರುವುದಿತ್ತು. ಮಂಗಳವಾರದ ಸಿನೆಮಾಗಳ ವಿಷಯ ಅವನಿಗೆ ಗೊತ್ತಿರಲಿಲ್ಲ. ಅವನು ನಂಬಿದ.

ಆಮೇಲೆ ನಾನು ಒಂದು ಸಮಾಧಾನ ಕಟ್ಟಿಕೊಂಡೆ. ಜಪಾನಿನವರೇ ಹಾಗೆ, ನಾಲ್ಕು ಜನರ ಮುಂದೆ ಎದುರು ಹೇಳುವುದಿಲ್ಲ, ಅದು ಅವರ ಸಂಸ್ಕಾರ. ಒಬ್ಬ ಮನುಷ್ಯನಿಗೆ ಮಾಡಿದ ಅನ್ಯಾಯವನ್ನು ಒಂದು ದೇಶದ ಸಂಸ್ಕಾರದೊಳಗೆ ಮುಚ್ಚಿಟ್ಟೆ. ವರ್ಷಗಟ್ಟಲೆ ಅದು ಅಲ್ಲಿಯೇ ಇತ್ತು.

ಅದನ್ನು ತೆರೆದವಳು ಮಿಚಿಕೋ ಎಂಬ ಹೊಸ ವಿದ್ಯಾರ್ಥಿನಿ. ಅದೇ ಕಂಪನಿಯ ಎಂಜಿನಿಯರ್ ಒಬ್ಬರ ಹೆಂಡತಿ. ಹವ್ಯಾಸಗಳ ಬಗ್ಗೆ ಪಾಠ ನಡೆದಿತ್ತು. ಸಿನೆಮಾ ಎಂಬ ಮಾತು ಬಂದಾಗ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಕಂಪನಿಯಲ್ಲಿ ಒಬ್ಬರು ಹಿರಿಯರಿದ್ದರಂತೆ, ಇಂಗ್ಲಿಷ್ ಕ್ಲಾಸಿಗೆ ಹೋಗುತ್ತೇನೆಂದು ಹೇಳಿ ಸಿನೆಮಾ ನೋಡುತ್ತಿದ್ದರಂತೆ. ದುಬೈಗೆ ಹೊಸಬರು ಬಂದಾಗಲೆಲ್ಲ ಅವರ ಕಥೆ ಹೇಳುತ್ತಾರೆ. "ಓಕಾದಾ ಆಗಬೇಡಿ" ಎನ್ನುವುದು ಅಲ್ಲಿ ಗಾದೆಯಂತಾಗಿದೆ.

ನಾನು ಆಡಿದ ಸುಳ್ಳಿಗೆ ಅವರ ಹೆಸರಿಟ್ಟಿದ್ದರು.

ಮಿಚಿಕೋಳ ಗಂಡನಿಂದ ವಿಳಾಸ ಪಡೆದು ಎರಡು ಪತ್ರ ಬರೆದೆ — ಕಂಪನಿಗೊಂದು, ಅವರಿಗೊಂದು. ಕಳಿಸುವ ಮೊದಲು ಸದಾನಂದಣ್ಣನಿಗೆ ತೋರಿಸಿದೆ.

"ಈಗ ಯಾಕೆ ಬಾಯಿ ಇದೆಲ್ಲ? ಯಾರಿಗೆ ನೆನಪುಂಟು?"

"ಎಲ್ಲರಿಗೂ ಉಂಟು. ಅದೇ ತೊಂದರೆ."

ಅವರು ಕನ್ನಡಕ ತೆಗೆದು ಒರೆಸಿದರು. ತಡೆಯಲಿಲ್ಲ. ಎರಡು ತಿಂಗಳಲ್ಲಿ ನನ್ನ ಕೆಲಸ ಮುಗಿಯಿತು. ಅದನ್ನು ನಾನು ತೆತ್ತ ಶಿಕ್ಷೆ ಎಂದು ಹೇಳಿಕೊಳ್ಳಲಾರೆ. ಆ ಹೊತ್ತಿಗೆ ರೋನಿಗೆ ಅಬುಧಾಬಿಯ ಹೋಟೆಲೊಂದರಲ್ಲಿ ಕೆಲಸವಾಗಿತ್ತು, ನಾವು ಅಲ್ಲಿಗೆ ಮನೆ ಬದಲಿಸುವವರೇ ಇದ್ದೆವು. ಹೊಸ ವಿಳಾಸವನ್ನೂ ಓಕಾದಾ ಅವರಿಗೆ ಬರೆದು ತಿಳಿಸಿದೆ. ರೋನಿಗೆ ಮಾತ್ರ ನಾನು ಏನೂ ಹೇಳಿರಲಿಲ್ಲ. ಜಪಾನಿಗೆ ಬರೆಯುವುದು ಸುಲಭವಾಗಿತ್ತು.

ಇಲ್ಲಿ ಮನೆಬಾಗಿಲಿಗೆ ಅಂಚೆ ಬರುವುದಿಲ್ಲ. ಎಲ್ಲ ಕಾಗದವೂ ರೋನಿಯ ಹೋಟೆಲಿನ ಪೋಸ್ಟ್ ಬಾಕ್ಸಿಗೆ ಬರುತ್ತದೆ. ಹಾಗಾಗಿ ಉತ್ತರವನ್ನು ತಂದುಕೊಟ್ಟವನು ಅವನೇ. "ಜಪಾನಿಂದ ನಿನಗೆ ಕಾಗದ," ಎಂದು ಕೊಟ್ಟು ಕೈಕಾಲು ತೊಳೆಯಲು ಹೋದ.

ಇಂಗ್ಲಿಷಿನಲ್ಲಿ, ಕೈಬರಹದಲ್ಲಿ, ಒಂದು ಪುಟ. ನಾನು ಕ್ಷಮೆಯನ್ನು ನಿರೀಕ್ಷಿಸಿದ್ದೆ — ಒಪ್ಪಿಕೊಳ್ಳುತ್ತೇನೆ. ಅದರಲ್ಲಿದ್ದದ್ದು ಹೀಗೆ:

"ನಿಮ್ಮ ಪತ್ರ ತಲುಪಿತು. ಕಂಪನಿಯವರು ಮನೆಗೆ ಬಂದು ವಿಷಾದ ತಿಳಿಸಿದರು. ನಾನು ಈಗ ನಿವೃತ್ತ, ಆದ್ದರಿಂದ ಏನೂ ಬದಲಾಗುವುದಿಲ್ಲ. ನಿಮಗೆ ಮಗು ಇದ್ದುದರಿಂದ ಆ ದಿನ ನಾನು ಸುಮ್ಮನಿದ್ದೆ. ಒಂದು ವಾರದಲ್ಲಿ ನೀವೇ ನಿಜ ಹೇಳುತ್ತೀರಿ ಎಂದುಕೊಂಡೆ. ವಿಮಾನ ಹತ್ತುವವರೆಗೂ ಕಾದೆ. ಆಮೇಲೆ ಬಹಳ ಕಾಲ ಸಿಟ್ಟಿನಲ್ಲಿದ್ದೆ. ಈಗಲೂ ಸ್ವಲ್ಪ ಇದೆ. ಒಂದು ಕೋರಿಕೆ. ಹೊರಡುವ ಮುನ್ನ ಸತ್ವಾದಲ್ಲಿ, ಟೈಲರ್ ಅಂಗಡಿಯ ಎದುರು, ನಿಮ್ಮ ಗಂಡನನ್ನು ಕಂಡೆ. ಕೈ ಎತ್ತಿದೆ. ಅವರು ಮುಖ ತಿರುಗಿಸಿ ಹೋದರು. ದಯವಿಟ್ಟು ಅವರಿಗೆ ನಿಜ ತಿಳಿಸಿ."

ರೋನಿ ಟವೆಲಿನಲ್ಲಿ ಮುಖ ಒರೆಸುತ್ತಾ ಬಂದ. ನಾನು ಕುಳಿತುಕೋ ಎಂದೆ. ಮನೆಯಲ್ಲಿ ನಾವು ಆಡುವುದು ಕೊಂಕಣಿ. ಅಂದು ಆಡಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೊದಲಿನಿಂದ ಕೊನೆಯವರೆಗೆ ಹೇಳಿದೆ. ವೀಸಾದ ಮಾತನ್ನು ಎತ್ತಲಿಲ್ಲ. ಎತ್ತಿದ್ದರೆ ಅದು ಅವನ ತಲೆಯ ಮೇಲೆ ಹಾಕಿದ ಹಾಗಾಗುತ್ತಿತ್ತು.

ಅವನು ಬೈಯಲಿಲ್ಲ. ಪತ್ರವನ್ನು ಎರಡು ಸಲ ಓದಿದ.

"ಅವರು ನಗುತ್ತಾ ಕೈ ಎತ್ತಿದ್ದರು," ಎಂದ. "ನನಗೆ ಸರಿಯಾಗಿ ನೆನಪಿದೆ. ಇಷ್ಟೆಲ್ಲ ಮಾಡಿಯೂ ನಗುತ್ತಾನಲ್ಲ ಅಂತ ಅನಿಸಿತು ನನಗೆ."

ಮತ್ತೆ ಎದ್ದು ಅಲಿಶಾಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ತಂದು, ಊಟದ ಮೇಜಿನ ಇನ್ನೊಂದು ತುದಿಯಲ್ಲಿ ಕುಳಿತ. ಎರಡು ಸಾಲು ಬರೆದು ನಿಲ್ಲಿಸಿದ. ತಲೆಯೆತ್ತದೆ ಕೇಳಿದ:

"'ಮುಖ ತಿರುಗಿಸಿದೆ' ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ?"

ನಾನು ಹೇಳಿದೆ. ಅವನು ಅಕ್ಷರ ಕೇಳಿದ. ಒಂದೊಂದೇ ಅಕ್ಷರ ಹೇಳಿಕೊಟ್ಟೆ.