ಎಸೆತ ನೋಡಿ ಹಾಕಿದ ಬುಟ್ಟಿ

ಕಾಪುವಿನ ನಮ್ಮ ಬೀದಿಯ ಗೇಟುಗಳನ್ನೆಲ್ಲ ಮಾಡಿದ ವೆಲ್ಡರ್ ಮಾತಿಗೆ ಮೊದಲು ಟೇಪು ಎಳೆಯುತ್ತಿದ್ದರು. “ನಾವು ಜಾಗ ನೋಡಿ ಮಾಡುವುದು” ಎನ್ನುವರು. ಪಕ್ಕದ ಮನೆಯ ಅಜ್ಜಿಯನ್ನು ನಿಲ್ಲಿಸಿ, ಅವರ ಕೈ ಎಟಕುವಲ್ಲಿಗೇ ಚಿಲಕ ಇಟ್ಟವರು. ತಮ್ಮ ಕೆಲಸ ಒಂದೂ ವಾಪಸ್ ಬಂದಿಲ್ಲ ಎಂಬುದು ಅವರ ಹೆಮ್ಮೆ.

ಪ್ಲಾಸ್ಟಿಕ್ ತಟ್ಟೆಯನ್ನು ಬುಟ್ಟಿಗೆ ಎಸೆಯುವ ಡಿಸ್ಕ್ ಗಾಲ್ಫ್ ಆಟವನ್ನು ಮಣಿಪಾಲದಲ್ಲಿ ನೋಡಿ ಬಂದ ನನ್ನ ಗಂಡನಿಗೆ ಹಿತ್ತಲಲ್ಲೇ ಅದನ್ನು ಆಡುವ ಆಸೆ ಹುಟ್ಟಿತು. ವೆಲ್ಡರ್ ಅವರು ಕೊಟ್ಟಿದ್ದ ಬುಟ್ಟಿಯ ಫೋಟೋ ನೋಡಿ ಕಂಬ ನೆಟ್ಟು, ನಮ್ಮ ಹಳೆ ಉಯ್ಯಾಲೆಯ ಸರಪಳಿ ತೂಗಿಸಿ, ಕೆಳಗೆ ಕಬ್ಬಿಣದ ಬುಟ್ಟಿ ಕೂರಿಸಿದರು. ಗಂಡ ಇನ್ನೂ ಮನೆಗೆ ಬಂದಿರಲಿಲ್ಲ.

“ನೀವೇ ಎಸೆದು ನೋಡಿ ಅಕ್ಕ,” ಎಂದರು.

ಹತ್ತು ಸಲ ಎಸೆದೆ. ಹತ್ತೂ ಬಟ್ಟೆ ಒಗೆಯುವ ಕಲ್ಲಿನ ಬಳಿಯೇ ಬಿದ್ದವು. ಅವರ ಮುಖ ಸಣ್ಣದಾಯಿತು. ಕೊಟ್ಟ ಚಾ ಮುಟ್ಟಲಿಲ್ಲ.

“ನನಗೆ ಎಸೆಯಲಿಕ್ಕೆ ಬರುವುದಿಲ್ಲ ಮಾರಾಯ್ರೆ,” ಎಂದೆ.

“ನಿಮ್ಮದೆಂತ ತಪ್ಪು? ಜಾಗ ನೋಡದೆ ಹಾಕಿದ್ದು ನಾನಲ್ವಾ?”

ಕಂಬ ಕಿತ್ತು ಒಗೆಯುವ ಕಲ್ಲಿನ ಪಕ್ಕದಲ್ಲಿ ನೆಟ್ಟರು. ಹನ್ನೊಂದನೆಯ ತಟ್ಟೆ ಸರಪಳಿಗೆ ಬಡಿದು ಬುಟ್ಟಿಗೆ ಬಿತ್ತು. ಆಮೇಲೆಯೇ ತಣ್ಣಗಾದ ಚಾ ಕೈಗೆತ್ತಿಕೊಂಡರು.

ಅಷ್ಟರಲ್ಲಿ ನನ್ನ ಗಂಡ ಬಂದು ಎಸೆದ ತಟ್ಟೆ ಕರಿಬೇವಿನ ಗಿಡದ ಬುಡಕ್ಕೆ ಹೋಯಿತು. ಎರಡನೆಯದೂ ಅಲ್ಲಿಗೇ ಹೋಯಿತು. ವೆಲ್ಡರ್ ಲೋಟ ಕೆಳಗಿಟ್ಟು ಟೇಪು ಎಳೆದರು.

“ಸಾರ್ ಅವರದ್ದು ಬೇರೆ ಅಳತೆ.”

ಈಗ ನಮ್ಮ ಹಿತ್ತಲಲ್ಲಿ ಎರಡು ಬುಟ್ಟಿಗಳುಂಟು. ಇಲ್ಲಿಯವರೆಗೆ ನಾವಿಬ್ಬರೂ ಸೋತದ್ದಿಲ್ಲ.